ಗೋಡೆಯ ಮೇಲೆ ಯಾರ ಹೆಸರು?



ನೀವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಾಗಿದ್ದರೆ ಬಯಲಾಟವನ್ನು ನೋಡಿಯೇ ಇರುತ್ತೀರಿ. ಆಟ ಕಲಿಸುವ ಮಾಸ್ತರರು ಬಹಳ ದಿನ ಮುಂಚೆಯೇ ಪಾತ್ರ ಹಂಚುತ್ತಾರೆ. ಯಾರ ಕಂಠಕ್ಕೆ ಯಾವ ಪದ, ಯಾರ ಮೈಕಟ್ಟಿಗೆ ಯಾವ ವೇಷ ಎಂದು ಗೊತ್ತುಮಾಡುತ್ತಾರೆ. ಆಟದ ರಾತ್ರಿ ಜನ ನೋಡುವುದು ವೇಷಗಳನ್ನು. ಮಾಸ್ತರರು ಹಿಂದೆಯೇ ಉಳಿಯುತ್ತಾರೆ.

ಕಲಾ ಪ್ರದರ್ಶನಕ್ಕೂ ಇಂಥ ಒಬ್ಬರು ಬೇಕು. ಅವರನ್ನು ‘ಕ್ಯುರೇಟರ್’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಕ್ಯೂರಾ’ ಎಂದರೆ ಕಾಳಜಿ. ಕೃತಿಗಳನ್ನು ಆರಿಸುವುದು, ಒಂದರ ಪಕ್ಕ ಇನ್ನೊಂದನ್ನು ಅರ್ಥಪೂರ್ಣವಾಗಿ ಇಡುವುದು, ಅವು ಕೆಡದಂತೆ ನೋಡಿಕೊಳ್ಳುವುದು, ನೋಡುಗರಿಗೆ ಪರಿಚಯಿಸುವುದು ಇವೆಲ್ಲ ಅವರ ಹೊಣೆ. ನಾವು ಇಲ್ಲಿ ‘ಸಂಯೋಜಕಿ’ ಎನ್ನೋಣ.

ಈಗ ಒಂದು ಪ್ರಶ್ನೆ. ಕಲಾವಿದೆಯೊಬ್ಬಳು ತನ್ನ ಜೊತೆಗಾರರ ಕೃತಿಗಳಿಗೆ ತಾನೇ ಸಂಯೋಜಕಿಯಾದರೆ ಏನಾಗುತ್ತದೆ? ಆಕೆಗೆ ಅವರ ಕೆಲಸ ಹೊರಗಿನವರಿಗಿಂತ ಚೆನ್ನಾಗಿ ಗೊತ್ತು. ಅದೇ ಹೊತ್ತಿಗೆ ಆಕೆಯ ಹೆಸರಿನ ನೆರಳು ಅವರ ಮೇಲೆ ಬೀಳುವ ಅಪಾಯವೂ ಉಂಟು.

ನಮ್ಮ ದೇಶದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ನಳಿನಿ ಮಲಾನಿ ಎಂಬ ಚಿತ್ರಕಲಾವಿದೆ ಮುಂದೆ ನಿಂತು, ಅರ್ಪಿತಾ ಸಿಂಗ್, ನೀಲಿಮಾ ಶೇಖ್, ಮಾಧವಿ ಪಾರೇಖ್ ಅವರೊಂದಿಗೆ ಸೇರಿ ‘ಥ್ರೂ ದ ಲುಕಿಂಗ್ ಗ್ಲಾಸ್’ ಎಂಬ ಪ್ರದರ್ಶನ ಏರ್ಪಡಿಸಿದರು. 1987ರಿಂದ 1989ರವರೆಗೆ ಅದು ದೇಶದ ಬೇರೆ ಬೇರೆ ಊರುಗಳಲ್ಲಿ ಸಂಚರಿಸಿತು. ನಾಲ್ವರ ಶೈಲಿಯೂ ಬೇರೆ ಬೇರೆ. ಮಾಧವಿ ಪಾರೇಖ್ ಅವರಂತೂ ಗುಜರಾತಿನ ಹಳ್ಳಿಯಿಂದ ಬಂದು, ಕಲಾಶಾಲೆಯ ಮೆಟ್ಟಿಲು ಹತ್ತದೆ ಚಿತ್ರ ಕಲಿತವರು. ಆದರೂ ಅಲ್ಲಿ ಒಬ್ಬರು ಗುರು, ಉಳಿದವರು ಶಿಷ್ಯರು ಎಂಬ ಭೇದವಿರಲಿಲ್ಲ. ನಾಲ್ಕು ಹೆಸರುಗಳು ಸಮಸಮವಾಗಿ ನಿಂತವು.

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತು ಆಮೇಲೆ ಛಾಯಾಚಿತ್ರದತ್ತ ಹೊರಳಿದವರು. 2000ದಿಂದ 2004ರವರೆಗೆ ಅವರು ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ದೊಡ್ಡದೊಂದು ಛಾಯಾಚಿತ್ರ ಮಾಲೆಯನ್ನು ರೂಪಿಸಿದರು. ರವಿವರ್ಮನ ಚಿತ್ರದ ನಾಯಕಿ, ಹಳೆಯ ಛಾಯಾಚಿತ್ರದ ಬುಡಕಟ್ಟು ಮಹಿಳೆ, ಪತ್ರಿಕೆಯಲ್ಲಿ ಬಂದ ಚಿತ್ರದ ಹೆಂಗಸು, ಹೀಗೆ ಒಂದೊಂದು ವೇಷ ತೊಟ್ಟು ಅವರೇ ಕ್ಯಾಮೆರಾದ ಮುಂದೆ ನಿಂತರು. ಕ್ಯಾಮೆರಾದ ಹಿಂದೆ ಇದ್ದವರು ಕ್ಲೇರ್ ಆರ್ನಿ. ಹಾಗಾದರೆ ಈ ಚಿತ್ರ ಯಾರದು? ವೇಷ ಹಾಕಿದವರದೋ, ಕ್ಯಾಮೆರಾದ ಗುಂಡಿ ಒತ್ತಿದವರದೋ? ಆ ಮಾಲೆ ಇಬ್ಬರ ಹೆಸರಿನಲ್ಲೂ ಇದೆ. ಅದೇ ಅದಕ್ಕೆ ಉತ್ತರ. ಇದೇ ಪುಷ್ಪಮಾಲಾ 2019ರಲ್ಲಿ ಚೆನ್ನೈ ಫೋಟೋ ಬಿಯೆನಾಲೆಯ ಕಲಾ ನಿರ್ದೇಶಕಿಯಾಗಿ ಇತರರ ಕೃತಿಗಳಿಗೂ ವೇದಿಕೆ ಕಟ್ಟಿದರು.

ದೂರದರ್ಶನದಲ್ಲಿ ದುಡಿಯುವ ನನಗೆ ಈ ಪಾಠ ತಡವಾಗಿ ಬಂತು. ಒಮ್ಮೆ ಸಮಯ ಸಾಲದೆಂದು ಕಾರ್ಯಕ್ರಮದ ಕೊನೆಯಲ್ಲಿ ಬರುವ ಹೆಸರುಗಳನ್ನು ಅರ್ಧಕ್ಕೇ ಕತ್ತರಿಸಿಬಿಟ್ಟೆ. ಮರುದಿನ ದೀಪದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರು ಹತ್ತಿರ ಬಂದು, “ಮನೇಲಿ ಎಲ್ಲರೂ ನನ್ನ ಹೆಸರಿಗೆ ಕಾಯ್ತಾ ಕೂತಿದ್ರು ಸಾರ್” ಎಂದರು. ಅಷ್ಟೇ. ಎಂಟು ಸೆಕೆಂಡು ಉಳಿಸಲು ನಾನು ಕಳೆದದ್ದೇನು ಎಂದು ಆಗ ಗೊತ್ತಾಯಿತು.

ನಿಮ್ಮ ಊರಿನ ಕಡೆಗೇ ನೋಡಿ. ತಾಂಡಾಗಳಲ್ಲಿ ಅಜ್ಜಿಯರು ಕನ್ನಡಿ ಚೂರು, ಕವಡೆ, ಬಣ್ಣದ ದಾರ ಸೇರಿಸಿ ಕಸೂತಿ ಹಾಕಿದ ಫೇಟಿಯಾ, ಕಾಂಚಳಿಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಕೂಡ್ಲಿಗಿಯ ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. 2023ರ ಜುಲೈಯಲ್ಲಿ ಜಿ-20 ಸಭೆಯ ಸಂದರ್ಭದಲ್ಲಿ ಹಂಪಿಯಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಸೇರಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಸಂತೋಷದ ಸಂಗತಿಯೇ. ಆದರೆ ಆ 450 ಮಂದಿಯಲ್ಲಿ ನಿಮಗೆ ಎಷ್ಟು ಹೆಸರು ಗೊತ್ತು? ಸಂಖ್ಯೆ ನೆನಪಿನಲ್ಲಿ ಉಳಿಯುತ್ತದೆ, ಹೆಸರು ಜಾರಿಹೋಗುತ್ತದೆ. ‘ಲಂಬಾಣಿ ಕಸೂತಿ’ ಎಂಬುದು ಒಂದು ಕಲೆಯ ಹೆಸರು. ಹೊಲಿದ ಕೈಯ ಹೆಸರಲ್ಲ.

ಕಾನೂನು ಕೂಡ ಈ ಮಾತನ್ನು ಒಪ್ಪುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಕೃತಿಯ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಅದು ತನ್ನ ರಚನೆ ಎಂದು ಹೇಳಿಕೊಳ್ಳುವ ಹಕ್ಕು ರಚಿಸಿದವರಲ್ಲೇ ಉಳಿಯುತ್ತದೆ.

ಇಂಥ ಪ್ರದರ್ಶನವನ್ನು ನಿಮ್ಮ ಶಾಲೆ ಕಾಲೇಜಿನಲ್ಲೇ ಏರ್ಪಡಿಸಬಹುದು. 1988ರಲ್ಲಿ ಲಂಡನ್ನಿನ ಡೇಮಿಯನ್ ಹರ್ಸ್ಟ್ ಎಂಬ ವಿದ್ಯಾರ್ಥಿ, ಬಂದರು ಪ್ರದೇಶದ ಖಾಲಿ ಕಟ್ಟಡವೊಂದರಲ್ಲಿ ತನ್ನ ಮತ್ತು ತನ್ನ ಸಹಪಾಠಿಗಳ ಕೃತಿಗಳ ಪ್ರದರ್ಶನ ನಡೆಸಿದ. ‘ಫ್ರೀಜ್’ ಎಂಬ ಆ ಪ್ರದರ್ಶನದಿಂದ ಹಲವರು ಮುಂದೆ ಜಗತ್ತಿಗೆ ಪರಿಚಿತರಾದರು. ನಿಮಗೆ ಒಂದು ಖಾಲಿ ಕೊಠಡಿ ಸಾಕು.

ಮೊದಲು ಕೃತಿ ತಂದವರ ಒಪ್ಪಿಗೆ ಪಡೆಯಿರಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿ, ಕಣ್ಣಿನ ಮಟ್ಟಕ್ಕೆ ಬರಲಿ. ನಿಮ್ಮದನ್ನು ನಡುಗೋಡೆಗೆ, ಗೆಳತಿಯದನ್ನು ಬಾಗಿಲ ಮರೆಗೆ ಹಾಕಬೇಡಿ.

ಬೆಳಕಿನ ಬಗ್ಗೆ ವಿಜ್ಞಾನದ ಮಾತೊಂದು. ಬೆಳಕು ಬಣ್ಣವನ್ನು ಮಾಸಿಸುತ್ತದೆ. ಆ ಹಾನಿ ಬೆಳಕಿನ ಪ್ರಮಾಣವನ್ನೂ ಅದು ಬಿದ್ದ ಅವಧಿಯನ್ನೂ ಅವಲಂಬಿಸಿದೆ. ಆದ್ದರಿಂದಲೇ ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಲೆಕ್ಕ ಹಾಕಿ: 50 ಲಕ್ಸ್‌ನಲ್ಲಿ ಹತ್ತು ಗಂಟೆ ಬೀಳುವ ಬೆಳಕು ಬಿಸಿಲಿನಲ್ಲಿ 18 ಸೆಕೆಂಡಿಗೇ ಬಿದ್ದಿರುತ್ತದೆ! ಅಜ್ಜಿಯ ಫೇಟಿಯಾವನ್ನು ಕಿಟಕಿಯ ಬಿಸಿಲಿಗೆ ಒಡ್ಡಬೇಡಿ. ಕಸೂತಿಯ ಕನ್ನಡಿಗಳು ನೋಡುಗರ ಕಣ್ಣಿಗೆ ಹೊಡೆಯದಂತೆ ದೀಪವನ್ನು ಮೇಲಿನಿಂದ ಓರೆಯಾಗಿ ಹಿಡಿಯಿರಿ. ಪತನ ಕೋನ, ಪ್ರತಿಫಲನ ಕೋನ ಸಮ ಎಂಬ ನಿಯಮ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ.

ಕೊನೆಯದು ಚೀಟಿ. ಪ್ರತಿ ಕೃತಿಯ ಪಕ್ಕದಲ್ಲೂ ಮಾಡಿದವರ ಹೆಸರು, ಊರು, ಬಳಸಿದ ಸಾಮಗ್ರಿ, ವರ್ಷ ಬರೆಯಿರಿ. ಇಬ್ಬರು ಮಾಡಿದ್ದರೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಸಂಯೋಜಕಿಯ ಹೆಸರು ಬಾಗಿಲ ಬಳಿ, ಸಣ್ಣದಾಗಿ ಇದ್ದರೆ ಸಾಕು.

ಚೀಟಿ ಅಂಟಿಸಿದ ಮೇಲೆ ಅಜ್ಜಿಯನ್ನು ಕೈಹಿಡಿದು ಕರೆತನ್ನಿ. ಅವರಿಗೆ ಓದು ಬಾರದಿದ್ದರೆ ನೀವೇ ಓದಿ ಹೇಳಿ.