ಮಾಯಾಲೋಕದಿಂದ ಕಡಲತೀರಕ್ಕೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗುವ ನಮ್ಮ ಹಿರಿಯರಲ್ಲಿ ಅನೇಕರು ಮೊಮ್ಮಕ್ಕಳೊಡನೆ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ನಗರವನ್ನೂ ನೋಡಿ ಬರುವುದುಂಟು. 1971ರಲ್ಲಿ ಅದರ ಸಮೀಪ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್ ಮಕ್ಕಳ ಪಾಲಿಗೆ ಮಾಯಾಲೋಕವೇ ಸರಿ. ಆದರೆ ಬಿಸಿಲು, ಜನಜಂಗುಳಿ, ದಿನವಿಡೀ ನಡಿಗೆ ಇವುಗಳಿಂದ ಮೂರು ದಿನಗಳಲ್ಲಿ ಅಜ್ಜಿಯೂ ಮೊಮ್ಮಗನೂ ಒಂದೇ ಸಮನೆ ಬಳಲುತ್ತಾರೆ. ತರುವಾಯ ಎರಡು ದಿನ ಕಡಲತೀರದಲ್ಲಿ ತಂಗುವುದು ಯುಕ್ತ. ಯಾವ ತೀರವೆಂಬುದೇ ವಿಚಾರಣೀಯ.

ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಅಟ್ಲಾಂಟಿಕ್ ಸಾಗರದ ಕೊಕೊ ಬೀಚ್ ಇದೆ. ಕಡಲಿನಿಂದ ಮೇಲೇಳುವ ಸೂರ್ಯನನ್ನು ಇಲ್ಲಿ ಕಾಣಬಹುದು. 1969ರಲ್ಲಿ ಅಪೊಲೊ 11 ಚಂದ್ರನತ್ತ ಹೊರಟ ಕೆನಡಿ ಬಾಹ್ಯಾಕಾಶ ಕೇಂದ್ರವೂ ಸಮೀಪದಲ್ಲಿಯೇ ಇದೆ. ವಿದ್ಯಾರ್ಥಿಗಳಿಗೆ ಇದು ಹಿತ. ಆದರೆ ಅಲೆಗಳ ಅಬ್ಬರ ಹೆಚ್ಚು.

ಪಶ್ಚಿಮಕ್ಕೆ ಸುಮಾರು 150 ಕಿ.ಮೀ. ದೂರದಲ್ಲಿ ಮೆಕ್ಸಿಕೊ ಕೊಲ್ಲಿಯ ಕ್ಲಿಯರ್‌ವಾಟರ್ ತೀರವಿದೆ. ಬಿಳಿಯ ಮರಳು, ಸಾಮಾನ್ಯವಾಗಿ ಶಾಂತವಾದ ನೀರು, ಸಂಜೆ ಕಡಲಲ್ಲಿ ಮುಳುಗುವ ಸೂರ್ಯ. ಎಳೆಯರಿಗೂ ವೃದ್ಧರಿಗೂ ಇದೇ ಮೇಲು.

ಎಲ್ಲಿಯೇ ಇಳಿದರೂ ತೀರದ ಧ್ವಜವನ್ನು ಗಮನಿಸತಕ್ಕದ್ದು. ಒಂದು ಕೆಂಪು ಧ್ವಜ ಭಾರಿ ಅಪಾಯದ ಸೂಚನೆ. ಎರಡಿದ್ದರೆ ನೀರಿಗಿಳಿಯುವುದು ನಿಷಿದ್ಧ. ಒಳಗೆಳೆಯುವ ಸೆಳೆತಕ್ಕೆ ಸಿಕ್ಕವರು ಅದರೆದುರು ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಅನಂತರ ದಡ ಸೇರಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವಾದುದರಿಂದ, ವಸತಿಗೆ ಹಣ ಕಟ್ಟುವ ಮುನ್ನ ಅದನ್ನು ಮರಳಿ ಪಡೆಯುವ ನಿಯಮವನ್ನು ತಿಳಿದುಕೊಳ್ಳುವುದು ಲೇಸು.

ಉದ್ಯಾನವನ್ನು ಮಕ್ಕಳ ಉತ್ಸಾಹ ಆರಿಸಿತು. ತೀರವನ್ನು ಮಾತ್ರ ಮನೆಯವರಲ್ಲಿ ಅತ್ಯಂತ ದಣಿದವರ ಮುಖ ನೋಡಿ ಆರಿಸೋಣ.