ನಿಮಗಿದು ಗೊತ್ತೆ? ಕರುವಿನ ಮೊದಲ ಮದ್ದು ಗಿಣ್ಣ

ಕಂದಲಗಾಂವ, ಅಕ್ಕಲಕೋಟ ಸೀಮೆಗೆ ಖಿಲಾರಿ ಆಕಳು, ಕತ್ತಿಯಂಥ ಕೋಡಿನ ಪಂಢರಪುರಿ ಎಮ್ಮೆ ಹೆಮ್ಮೆಯ ತಳಿಗಳು. ಆದರೆ ತಳಿ ಯಾವುದೇ ಇರಲಿ, ತಾಯಿಯ ರಕ್ತದ ಪ್ರತಿಕಾಯಗಳು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ರೋಗ ತಡೆಯುವ ಆ ಶಕ್ತಿ ಸಿಗುವುದು ಗಿಣ್ಣದ ಹಾಲಿನಿಂದಲೇ.

• ಹುಟ್ಟಿದ 2 ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಸುಮಾರು 24 ಗಂಟೆ ಕಳೆದರೆ ಕರುಳು ಪ್ರತಿಕಾಯಗಳನ್ನು ಹೀರಿಕೊಳ್ಳುವುದಿಲ್ಲ.

• ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು ಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲವಾಗಿ.

• ಎರಡನೇ ವಾರದಿಂದ ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ, ಮೆತ್ತನೆಯ ಒಣಹುಲ್ಲು ಸ್ವಲ್ಪ ಸ್ವಲ್ಪ ಕೊಡಿ. ಮೆಲುಕು ಹಾಕುವ ಹೊಟ್ಟೆ ಬೇಗ ಬೆಳೆಯುತ್ತದೆ. ಶುದ್ಧ ನೀರು ಸದಾ ಇರಲಿ.

• ಎಳೆಯ ಜೋಳದ ಪೈರು ಬೇಡ; ಅದರಲ್ಲಿ ಸಯನೈಡ್ ವಿಷವಿರುತ್ತದೆ.

ಗಿಣ್ಣದ ಸವಿ ಮನೆಮಂದಿಗೂ ಬೇಕು, ನಿಜ. ಮೊದಲ ಪಾಲು ಮಾತ್ರ ಕರುವಿನದೇ.