ವಿದ್ಯುತ್ ಉಪಕೇಂದ್ರಗಳ ಸ್ಥಳನಿರ್ಣಯ: ಗುಂಪು ವಿಂಗಡಣೆಯ ಒಂದು ಗಣನಕ್ರಮ

ಕರ್ನಾಟಕದ ಗ್ರಾಮಾಂತರ ಪ್ರದೇಶಗಳಲ್ಲಿ 66 ಕಿಲೋವೋಲ್ಟಿನ ವಿದ್ಯುತ್ತನ್ನು 11 ಕಿಲೋವೋಲ್ಟಿಗೆ ಇಳಿಸಿ ಹಂಚುವ ಉಪಕೇಂದ್ರಗಳು ಅನೇಕವಿವೆ. ತಂತಿಯಲ್ಲಿ ವ್ಯಯವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೂ ತಂತಿಯ ಉದ್ದಕ್ಕೂ ಅನುಪಾತದಲ್ಲಿರುವುದು. ವೋಲ್ಟೇಜಿನ ಇಳಿತವು ಪ್ರವಾಹ ಮತ್ತು ಉದ್ದಗಳ ಗುಣಲಬ್ಧವನ್ನು ಅನುಸರಿಸುವುದು. ಉಪಕೇಂದ್ರವು ದೂರವಾದರೆ ಕೊನೆಯ ಹಳ್ಳಿಯ ಪಂಪ್‌ಸೆಟ್ಟಿಗೆ ವೋಲ್ಟೇಜು ಸಾಲದೆ, ಮೋಟಾರು ಹೆಚ್ಚು ಪ್ರವಾಹವನ್ನು ಸೆಳೆದು ಸುಟ್ಟುಹೋಗುವ ಸಂಭವವುಂಟು. ಆದುದರಿಂದ ಸ್ಥಳನಿರ್ಣಯವು ಮಹತ್ತ್ವದ ಪ್ರಶ್ನೆಯಾಗಿದೆ.

ಇದಕ್ಕೆ ನೆರವಾಗುವ ಕ್ರಮಗಳಲ್ಲಿ ‘ಕೆ-ಮೀನ್ಸ್’ ಎಂಬುದು ಸರಳವಾದುದು. ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಲಾಯ್ಡ್ 1957ರಲ್ಲಿ ಇದನ್ನು ರೂಪಿಸಿದರೂ ಅವರ ಲೇಖನವು ಅಚ್ಚಾದುದು 1982ರಲ್ಲಿ; ಹೆಸರನ್ನು 1967ರಲ್ಲಿ ಜೇಮ್ಸ್ ಮ್ಯಾಕ್ವೀನ್ ಇತ್ತರು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ನೇರವಾದ ರಸ್ತೆಯೊಂದರಲ್ಲಿ 0, 2, 4, 12, 16ನೆಯ ಕಿಲೋಮೀಟರುಗಳಲ್ಲಿ ಐದು ಊರುಗಳಿವೆ. ಅವುಗಳ ಭಾರ ಕ್ರಮವಾಗಿ 1, 2, 1, 3, 1 ಮೆಗಾವಾಟ್. ಎರಡು ಉಪಕೇಂದ್ರಗಳು ಬೇಕು. ಮೊದಲಿಗೆ 0 ಮತ್ತು 2ನೆಯ ಕಿಲೋಮೀಟರುಗಳನ್ನು ಕೇಂದ್ರಗಳೆಂದು ಭಾವಿಸಿ, ಪ್ರತಿ ಊರನ್ನೂ ಹತ್ತಿರದ ಕೇಂದ್ರಕ್ಕೆ ಸೇರಿಸುವೆವು. ಬಳಿಕ ಪ್ರತಿ ಗುಂಪಿಗೂ ಭಾರಸಹಿತವಾದ ಸರಾಸರಿಯನ್ನು ತೆಗೆದರೆ ಕೇಂದ್ರಗಳು 0 ಮತ್ತು 8.57ಕ್ಕೆ ಬರುವುವು. ಈಗ 2 ಮತ್ತು 4ನೆಯ ಕಿಲೋಮೀಟರಿನ ಊರುಗಳು ಮೊದಲನೆಯ ಗುಂಪಿಗೆ ಸರಿಯುವುವು. ಹೊಸ ಸರಾಸರಿಗಳು 2 ಮತ್ತು 13. ಮತ್ತೊಮ್ಮೆ ವಿಂಗಡಿಸಿದರೂ ಬದಲಾವಣೆಯಿಲ್ಲದಿರುವುದರಿಂದ ಗಣನೆಯು ನಿಲ್ಲುವುದು.

ಈ ಕ್ರಮವು ಕಡಿಮೆ ಮಾಡುವುದು ಭಾರ ಮತ್ತು ದೂರದ ವರ್ಗ ಇವುಗಳ ಗುಣಲಬ್ಧಗಳ ಮೊತ್ತವನ್ನೇ ಹೊರತು ಶಕ್ತಿನಷ್ಟವನ್ನಲ್ಲ. ಎರಡನೆಯ ಗುಂಪಿನಲ್ಲಿ ಪ್ರತಿ ಊರಿಗೂ ಒಂದೇ ಬಗೆಯ ಪ್ರತ್ಯೇಕ ತಂತಿಯಿದೆಯೆಂದುಕೊಂಡರೆ, ನಷ್ಟವು ಭಾರದ ವರ್ಗ ಮತ್ತು ದೂರದ ಗುಣಲಬ್ಧಕ್ಕೆ ಅನುಗುಣವಾಗಿರುವುದು. ಉಪಕೇಂದ್ರವು 13ರಲ್ಲಿದ್ದರೆ ಈ ಮೊತ್ತ 12. 12ರಲ್ಲಿದ್ದರೆ ಕೇವಲ 4. ಆದರೆ ಆಗ ಕೊನೆಯ ಊರಿನ ತಂತಿಯು 3ರಿಂದ 4 ಕಿಲೋಮೀಟರಿಗೆ ಬೆಳೆದು, ಅಲ್ಲಿನ ವೋಲ್ಟೇಜಿನ ಇಳಿತವು ಮೂರನೆಯ ಒಂದು ಪಾಲು ಹೆಚ್ಚುವುದು. ಒಟ್ಟು ನಷ್ಟದ ಉಳಿತಾಯವೋ, ಕೊನೆಯ ಊರಿನ ಹಿತವೋ ಎಂಬುದನ್ನು ಯೋಜಕರೇ ಮೊದಲು ನಿಶ್ಚಯಿಸಬೇಕು. ಅಳತೆಗೋಲಿನ ಆಯ್ಕೆಯಲ್ಲಿಯೇ ಆ ನಿರ್ಣಯವು ಅಡಗಿರುವುದು.

ಇನ್ನೆರಡು ಮಿತಿಗಳನ್ನು ಗಮನಿಸಬೇಕು. ಆರಂಭದ ಕೇಂದ್ರಗಳು ಬೇರೆಯಾದರೆ ಫಲಿತಾಂಶವೂ ಬೇರೆಯಾಗಬಹುದು. ಆದುದರಿಂದ ಗಣನೆಯನ್ನು ಹಲವು ಸಲ ನಡೆಸುವುದು ವಾಡಿಕೆ. ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನೂ ಈ ಕ್ರಮವು ಪರಿಗಣಿಸದು; ಗುಂಪಿನ ಭಾರವು ಮಿತಿಮೀರಿದರೆ ಗುಂಪುಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ದೊರೆತ ಬಿಂದುವು ಕೆರೆಯಂಗಳದಲ್ಲಿಯೋ ಅರಣ್ಯದಲ್ಲಿಯೋ ಬಿದ್ದರೆ, 66 ಕಿಲೋವೋಲ್ಟಿನ ಮಾರ್ಗಕ್ಕೆ ಸಮೀಪವಾದ ಯೋಗ್ಯ ನಿವೇಶನವನ್ನು ಅದರ ಸುತ್ತ ಹುಡುಕಿ, ನಷ್ಟವನ್ನೂ ವೋಲ್ಟೇಜನ್ನೂ ಪುನಃ ಲೆಕ್ಕಹಾಕತಕ್ಕದ್ದು.